ರೋಧ

‘ರೋಧ’ ಸಂಸ್ಕೃತದ ‘ರುಧ್’ ಧಾತುವಿನಿಂದ ಬಂದ ನಾಮಪದ. ತಡೆ ಎಂದು ಅರ್ಥ. ವಿರೋಧ, ನಿರೋಧ, ಅವರೋಧಗಳು ಇದರ ಬಳಗದವು. ವಿಜ್ಞಾನದ ಪಠ್ಯಗಳಲ್ಲಿ ಇದು ಅಳತೆಯ ಪದ: ವೋಲ್ಟೇಜನ್ನು ಕರೆಂಟಿನಿಂದ ಭಾಗಿಸಿದರೆ ಸಿಗುವುದು ರೋಧ. 1827ರಲ್ಲಿ ಈ ನಿಯಮವನ್ನು ಪ್ರಕಟಿಸಿದ ಜರ್ಮನಿಯ ಭೌತವಿಜ್ಞಾನಿ ಜಾರ್ಜ್ ಸೈಮನ್ ಓಮ್ ಅವರ ಹೆಸರೇ ರೋಧದ ಮಾನವಾಯಿತು. ತಡೆಯೇ ಆದರೆ ಕರೆಂಟ್ ಹರಿಯುವುದು ಹೇಗೆ, ಪದವೇ ದಾರಿ ತಪ್ಪಿಸುವುದಿಲ್ಲವೇ ಎಂದು ಆಕ್ಷೇಪಿಸಬಹುದು. ಇದಕ್ಕೆ ಲೆಕ್ಕವೇ ಉತ್ತರ ಕೊಡುತ್ತದೆ. 230 ವೋಲ್ಟಿನಲ್ಲಿ 5 ಆಂಪಿಯರ್ ಎಳೆಯುವ ಇಸ್ತ್ರಿಪೆಟ್ಟಿಗೆಯ ರೋಧ 46 ಓಮ್. ವೋಲ್ಟೇಜನ್ನೂ ಕರೆಂಟನ್ನೂ ಗುಣಿಸಿದರೆ ಸಾಮರ್ಥ್ಯ 1,150 ವ್ಯಾಟ್. ರೋಧ 92 ಓಮ್ ಆದರೆ ಕರೆಂಟೂ ಸಾಮರ್ಥ್ಯವೂ ಅರ್ಧಕ್ಕಿಳಿಯುತ್ತವೆ, ಸೊನ್ನೆಯಾಗುವುದಿಲ್ಲ. ಎಷ್ಟು ಹರಿಯಬೇಕೆಂದು ಗೊತ್ತುಮಾಡುವ ತಡೆಯೇ ರೋಧ. ಹರಿಯಲು ಬಿಡದ ವಸ್ತುವಿಗೆ ‘ಅವಾಹಕ’ ಎಂಬ ಬೇರೆ ಪದವೇ ಇದೆ.