ಗ್ಯಾಸ್ ಖಾಲಿ ಆಗಲ್ಲ, ಸೋರುತ್ತೆ: ಐಸ್ ಮಷೀನಿನ ಹಿಂದಿನ ಇತಿಹಾಸ

ಇವತ್ತಿನ ಸಂಚಿಕೆ ಒಂದು ಮಾತಿನ ಬಗ್ಗೆ. "ಗ್ಯಾಸ್ ಖಾಲಿ ಆಗೈತೆ ಅಣ್ಣ, ತುಂಬಿಸ್ಬೇಕು." ಫ್ರಿಡ್ಜ್ ಕೆಡಲಿ, ಎಸಿ ಕೆಡಲಿ, ಮೆಕ್ಯಾನಿಕ್ ಬಾಯಿಂದ ಮೊದಲು ಬರೋದು ಇದೇ. ನಾನು ಕೊನೇ ಸಲ ಇದನ್ನ ಕೇಳಿದ್ದು ಕಿಬ್ಬನಹಳ್ಳಿ ಕ್ರಾಸಿನಲ್ಲಿ, ಏಪ್ರಿಲ್ ಬಿಸಿಲಲ್ಲಿ, ಒಂದು ಜ್ಯೂಸ್ ಅಂಗಡಿಯ ಹಿಂಭಾಗದಲ್ಲಿ.

ಕೆ.ಬಿ. ಕ್ರಾಸ್ ನೋಡದೇ ಇರೋರಿಗೆ ಹೇಳ್ತೀನಿ. ತುಮಕೂರು–ತಿಪಟೂರು ಹೆದ್ದಾರಿಯನ್ನ ಚಿಕ್ಕನಾಯಕನಹಳ್ಳಿ–ತುರುವೇಕೆರೆ ರಸ್ತೆ ದಾಟೋ ಜಾಗ ಅದು. ನಾಲ್ಕೂ ದಿಕ್ಕಿಂದ ಬಸ್ಸು, ಸುತ್ತ ಕಣ್ಣು ಹಾಯಿಸಿದಷ್ಟೂ ತೆಂಗು. ಎಳನೀರು ಇರೋ ಊರಲ್ಲಿ ಐಸ್ ಯಾಕೆ ಅನ್ನಬೇಡಿ. ಕಬ್ಬಿನ ಹಾಲು, ನಿಂಬೆ ಸೋಡಾ, ಮದುವೆ ಮನೆ ಆರ್ಡರ್ರು, ಎಲ್ಲದಕ್ಕೂ ಐಸ್ ಬೇಕು. ಮಾರ್ಚಿಂದ ಮೇ ತನಕ ಆಗೋ ವ್ಯಾಪಾರದಲ್ಲೇ ವರ್ಷದ ಬಾಡಿಗೆ ಹುಟ್ಟಬೇಕು. ಅಂಥ ಹೊತ್ತಲ್ಲಿ ಮಷೀನ್ ಕೈಕೊಟ್ಟಿತ್ತು. ಹೋದ ವರ್ಷಾನೂ ಗ್ಯಾಸ್ ತುಂಬಿಸಿದ್ರಂತೆ, ಅದರ ಹಿಂದಿನ ವರ್ಷಾನೂ. ಈ ಸಲ ಬಂದ ಹಿರಿಯ ಮೆಕ್ಯಾನಿಕ್ ಮಾತ್ರ ಸಿಲಿಂಡರ್ ಮುಟ್ಟಲಿಲ್ಲ. "ಇದೇನ್ ಪೆಟ್ರೋಲಾ ಸ್ವಾಮಿ, ಉರಿದು ಖಾಲಿಯಾಗಕ್ಕೆ?" ಅಂದ್ರು.

ಆ ಪ್ರಶ್ನೆ ಸರಿಯಾಗಿದೆ. ಐಸ್ ಮಷೀನ್ ಚಳಿಯನ್ನ ಹುಟ್ಟಿಸಲ್ಲ. ನೀರಲ್ಲಿರೋ ಶಾಖವನ್ನ ಹೊತ್ತು ಆಚೆ ಹಾಕುತ್ತೆ, ಅಷ್ಟೇ. ಒಳಗಿರೋ ಗ್ಯಾಸು ತಿಪಟೂರು ಎಪಿಎಂಸಿಯ ಹಮಾಲಿ ಇದ್ದಹಾಗೆ: ಒಳಗೆ ಮೂಟೆ ಹೊತ್ತು, ಹೊರಗೆ ಇಳಿಸಿ, ಬರಿಗೈಲಿ ವಾಪಸ್. ಮೂಟೆಯೇನೂ ಸಣ್ಣದಲ್ಲ. ಸೊನ್ನೆ ಡಿಗ್ರಿಯಲ್ಲಿರೋ ಒಂದು ಲೀಟರ್ ನೀರು ಗಟ್ಟಿಯಾಗುವಾಗ ಬಿಟ್ಟುಕೊಡೋ ಶಾಖದಿಂದ ಅಷ್ಟೇ ನೀರನ್ನ ಸೊನ್ನೆಯಿಂದ 80 ಡಿಗ್ರಿವರೆಗೆ ಕಾಯಿಸಬಹುದು. ಹಮಾಲಿ ದಿನಕ್ಕೆ ಸಾವಿರ ಸಲ ಓಡಾಡಿದರೂ ಕರಗಿ ಹೋಗಲ್ಲ. ಗ್ಯಾಸ್ ಕಮ್ಮಿಯಾಗಿದೆ ಅಂದ್ರೆ ಎಲ್ಲೋ ತೂತಿದೆ. ಹಾಗಿದ್ದರೆ ತೂತು ಹುಡುಕದೆ ಬರೀ ತುಂಬಿಸೋ ಅಭ್ಯಾಸ ಎಲ್ಲಿಂದ ಬಂತು?

ಸ್ವಲ್ಪ ಹಿಂದಕ್ಕೆ ಹೋಗೋಣ. ಭಾರತಕ್ಕೆ ದೊಡ್ಡ ಪ್ರಮಾಣದಲ್ಲಿ ಐಸ್ ಬಂದಿದ್ದು ಹಡಗಿನಲ್ಲಿ. 1833ರಲ್ಲಿ ಅಮೆರಿಕದ ಬಾಸ್ಟನ್‌ನಿಂದ ಫ್ರೆಡ್ರಿಕ್ ಟ್ಯೂಡರ್ ಅನ್ನೋ ವ್ಯಾಪಾರಿ 'ಟಸ್ಕನಿ' ಹಡಗಿನಲ್ಲಿ ಸುಮಾರು 180 ಟನ್ ಐಸ್ ಕಲ್ಕತ್ತೆಗೆ ಕಳಿಸಿದ. ಕೆರೆಗಳಲ್ಲಿ ಹೆಪ್ಪುಗಟ್ಟಿದ ಐಸನ್ನ ಕೊಯ್ದು ಮರದ ಹೊಟ್ಟಲ್ಲಿ ಹುದುಗಿಸಿ ಸಾಗಿಸೋದು ಅವನ ವ್ಯಾಪಾರ. ನಾಲ್ಕು ತಿಂಗಳ ಪ್ರಯಾಣ ಮುಗಿದಾಗ ಉಳಿದಿದ್ದು 100 ಟನ್ ಆಸುಪಾಸು. ಬಿಕಾಂ ಓದಿದವರಿಗೆ ಕಾಸ್ಟ್ ಅಕೌಂಟಿಂಗ್ ಪೇಪರಿನ 'ನಾರ್ಮಲ್ ಲಾಸ್' ನೆನಪಾಗ್ತಿರಬೇಕು. ಸುಮಾರು ನೂರಕ್ಕೆ ನಲವತ್ತೈದು ಭಾಗ ನೀರಾಗಿ ಹೋದರೂ ಲಾಭ ಬರೋ ಧಂದೆ! ಈ ಟ್ಯೂಡರ್ ಅದಕ್ಕೂ ಮುಂಚೆ ಸಾಲಕ್ಕೆ ಸಿಕ್ಕಿ ಜೈಲಿಗೂ ಹೋಗಿ ಬಂದಿದ್ದ ಆಸಾಮಿ. ಮದ್ರಾಸಿನಲ್ಲಿ 1842ರಲ್ಲಿ ಅವನ ಐಸ್ ದಾಸ್ತಾನಿಗೆ ಕಟ್ಟಿದ 'ಐಸ್ ಹೌಸ್' ಇವತ್ತೂ ಮರೀನಾ ಎದುರು ನಿಂತಿದೆ. 1897ರಲ್ಲಿ ಸ್ವಾಮಿ ವಿವೇಕಾನಂದರು ಅಲ್ಲಿ ತಂಗಿದ್ದರಿಂದ ಈಗ ಅದು ವಿವೇಕಾನಂದರ್ ಇಲ್ಲಂ.

ಆ ಹಡಗುಗಳನ್ನ ನಿಲ್ಲಿಸಿದ್ದು ಮಷೀನ್. 1874ರಲ್ಲಿ ಮದ್ರಾಸಿನಲ್ಲಿ ಇಂಟರ್‌ನ್ಯಾಷನಲ್ ಐಸ್ ಕಂಪನಿ, 1878ರಲ್ಲಿ ಬೆಂಗಾಲ್ ಐಸ್ ಕಂಪನಿ ಶುರುವಾದವು. ಊರಲ್ಲೇ ಐಸ್ ಸಿಗುವಾಗ ಬಾಸ್ಟನ್ ಕೆರೆ ಯಾರಿಗೆ ಬೇಕು? ಅದೇ ದಶಕದಲ್ಲಿ ಜರ್ಮನಿಯ ಕಾರ್ಲ್ ಫಾನ್ ಲಿಂಡೆ ಅಮೋನಿಯಾ ಹಾಕಿ ನಡೆಸೋ ಕಂಪ್ರೆಸರ್‌ಗಳನ್ನ ಪಕ್ಕಾ ಮಾಡಿದ. ನಮ್ಮ ಮಲ್ಪೆ, ಮಂಗಳೂರು ಬಂದರುಗಳ ಐಸ್ ಪ್ಲಾಂಟ್‌ಗಳಲ್ಲಿ ಇವತ್ತಿಗೂ ಅಮೋನಿಯಾನೇ. ಉಪ್ಪುನೀರಿನ ತೊಟ್ಟಿಯಲ್ಲಿ ತಗಡಿನ ಡಬ್ಬಿಗಳನ್ನ ಇಳಿಬಿಟ್ಟು ಗಡ್ಡೆ ಕಟ್ಟಿಸ್ತಾರೆ.

ಅಮೋನಿಯಾಗೆ ಒಂದು ಗುಣ ಇದೆ. ಚೂರು ಸೋರಿದರೂ ಮೂಗು, ಕಣ್ಣು ಉರಿಯುತ್ತೆ. ಗಂಧಕದ ಕಡ್ಡಿ ಹಚ್ಚಿ ಪೈಪಿನುದ್ದಕ್ಕೂ ಹಿಡಿದರೆ, ಸೋರೋ ಜಾಗದಲ್ಲಿ ದಟ್ಟ ಬಿಳಿ ಹೊಗೆ ಏಳುತ್ತೆ. ಲೀಕ್ ಇಟ್ಕೊಂಡು ಅಲ್ಲಿ ಯಾರೂ ಕೆಲಸ ಮಾಡಕ್ಕಾಗಲ್ಲ. ರಿಪೇರಿ ಮಾಡಲೇಬೇಕು, ಇಲ್ಲಾಂದ್ರೆ ಓಡಬೇಕು.

ಓಡಕ್ಕೆ ಆಗದವರೂ ಇದ್ರು. 1920ರ ದಶಕದ ಮನೆ ಫ್ರಿಡ್ಜ್‌ಗಳಲ್ಲಿ ಅಮೋನಿಯಾ, ಸಲ್ಫರ್ ಡೈಆಕ್ಸೈಡ್, ಮೀಥೈಲ್ ಕ್ಲೋರೈಡ್ ಇರ್ತಿತ್ತು. ಬರ್ಲಿನ್ನಿನಲ್ಲಿ ಒಂದು ಕುಟುಂಬ ಫ್ರಿಡ್ಜ್‌ನ ವಿಷಗಾಳಿಗೆ ಸತ್ತ ಸುದ್ದಿಯನ್ನ ಪೇಪರಿನಲ್ಲಿ ಓದಿ ತಲೆ ಕೆಡಿಸಿಕೊಂಡವರು ಯಾರು ಗೊತ್ತಾ? ಆಲ್ಬರ್ಟ್ ಐನ್‌ಸ್ಟೈನ್. ಹೌದು, ಅವರೇ. ಶಿಷ್ಯನಂತಿದ್ದ ಲಿಯೋ ಸಿಲಾರ್ಡ್ ಜೊತೆ ಸೇರಿ, ಓಡೋ ಭಾಗಗಳೇ ಇಲ್ಲದ, ಹಾಗಾಗಿ ಸೀಲು ಸವೆಯೋ ಪ್ರಶ್ನೆಯೇ ಇಲ್ಲದ ಫ್ರಿಡ್ಜ್ ವಿನ್ಯಾಸ ಮಾಡಿದರು. 1930ರ ನವೆಂಬರ್ 11ಕ್ಕೆ ಅಮೆರಿಕದ ಪೇಟೆಂಟ್ ಕೂಡ ಸಿಕ್ಕಿತು. ಆದರೆ ಅಂಗಡಿಗೆ ಅದು ಬರಲೇ ಇಲ್ಲ.

ಯಾಕಂದ್ರೆ ಅದೇ ವರ್ಷ ಥಾಮಸ್ ಮಿಡ್ಜ್‌ಲಿ ಅಮೆರಿಕದ ರಸಾಯನ ವಿಜ್ಞಾನಿಗಳ ಸಭೆಯಲ್ಲಿ ಹೊಸ ಗ್ಯಾಸೊಂದನ್ನ ಎದೆ ತುಂಬ ಎಳೆದುಕೊಂಡು, ಮೇಣದಬತ್ತಿ ಮೇಲೆ ಊದಿ ಆರಿಸಿ ತೋರಿಸಿದ. ವಿಷ ಇಲ್ಲ, ಬೆಂಕಿ ಇಲ್ಲ, ಕೆಟ್ಟ ವಾಸನೆ ಇಲ್ಲ. ಅದೇ ಫ್ರಿಯಾನ್, ಮೆಕ್ಯಾನಿಕ್‌ಗಳ ಬಾಯಲ್ಲಿ ಆರ್-12. ಪೆಟ್ರೋಲಿಗೆ ಸೀಸ ಬೆರೆಸಿದವನೂ ಇದೇ ಮಿಡ್ಜ್‌ಲಿ. ಅದಕ್ಕೆ ಇನ್ನೊಂದು ಸಂಚಿಕೆಯೇ ಬೇಕು.

ನನ್ನ ಪ್ರಕಾರ 'ತುಂಬಿಸ್ಬಿಡಿ' ಅನ್ನೋ ಅಭ್ಯಾಸ ಹುಟ್ಟಿದ್ದು ಇಲ್ಲೇ. ಮೂಗಿಗೆ ಕೆಲಸ ಹೋಯ್ತು. ಸೋರಿದರೂ ಯಾರಿಗೂ ಏನೂ ಆಗಲ್ಲ. ಗ್ಯಾಸ್ ಅಗ್ಗ, ಹುಡುಕೋ ಕೂಲಿ ದುಬಾರಿ.

ಏನೂ ಆಗಲ್ಲ ಅಂದುಕೊಂಡಿದ್ದು ಸುಳ್ಳಾಯಿತು. ಈ ಗ್ಯಾಸು ಓಝೋನ್ ಪದರವನ್ನ ತಿನ್ನುತ್ತೆ ಅಂತ 1974ರಲ್ಲಿ ಮೊಲಿನಾ ಮತ್ತು ರೋಲೆಂಡ್ ಬರೆದರು. 1985ರಲ್ಲಿ ಅಂಟಾರ್ಕ್ಟಿಕಾ ಮೇಲಿನ ತೂತು ಜಗತ್ತಿಗೆ ಗೊತ್ತಾಯ್ತು. 1987ರ ಸೆಪ್ಟೆಂಬರ್ 16ಕ್ಕೆ ಮಾಂಟ್ರಿಯಲ್ ಒಪ್ಪಂದ ಆಯಿತು, 1992ರಲ್ಲಿ ಭಾರತ ಅದಕ್ಕೆ ಸೇರಿತು. 2010ರ ಹೊತ್ತಿಗೆ ಆರ್-12 ತಯಾರಿಕೆ ನಿಂತುಹೋಯ್ತು. ಆಮೇಲಿನ ಆರ್-22 ನಮ್ಮಂಥ ದೇಶಗಳಲ್ಲಿ 2030ಕ್ಕೆ ಬಹುತೇಕ ಮುಗಿಯಬೇಕು. ಈಗಿನ ಎಷ್ಟೋ ಐಸ್ ಮಷೀನ್‌ಗಳಲ್ಲಿರೋ ಆರ್-404ಎ ಓಝೋನಿಗೆ ಏನೂ ಮಾಡಲ್ಲ, ಆದರೆ ಭೂಮಿ ಬಿಸಿ ಮಾಡೋದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 3,900 ಪಟ್ಟು ಜೋರು. ಅಂದ್ರೆ ಒಂದು ಕೆಜಿ ಸೋರಿದರೆ ಹೆಚ್ಚುಕಮ್ಮಿ ನಾಲ್ಕು ಟನ್ ಇಂಗಾಲದ ಲೆಕ್ಕ. ಬಿಸಿಲು ಜಾಸ್ತಿಯಾಗಿದ್ದಕ್ಕೆ ಐಸ್, ಐಸಿಗೋಸ್ಕರ ಇನ್ನಷ್ಟು ಬಿಸಿಲು.

ಆ ಮೆಕ್ಯಾನಿಕ್ ಮಾಡಿದ್ದನ್ನ ನಾನು ಅರ್ಧ ದಿನ ಕೂತು ನೋಡಿದೆ. ಮೊದಲು ನೀರು. ನಮ್ಮ ಕಡೆ ಬೋರ್‌ವೆಲ್ ನೀರು ಗಡಸು. ತಟ್ಟೆ ಮೇಲೆ ಸುಣ್ಣದ ಪೊರೆ ಕಟ್ಟಿದರೆ ಐಸ್ ಅಂಟಿಕೊಂಡು ಬೀಳೋದೇ ಇಲ್ಲ. ಅದನ್ನ ತೊಳೆದರು. ಆಮೇಲೆ ಹಿಂದಿನ ಜಾಲರಿಯ ಧೂಳು ಊದಿದರು. ಅದು ಕಟ್ಟಿಕೊಂಡರೆ ಹಮಾಲಿಗೆ ಮೂಟೆ ಇಳಿಸೋಕೆ ಜಾಗ ಇಲ್ಲ. ವೋಲ್ಟೇಜ್ ನೋಡಿದರು, ಸರಿ ಇತ್ತು. ಒಂದು ಸುತ್ತು ಓಡಿಸಿದಾಗ ತಟ್ಟೆಯ ಒಂದು ಅಂಚಲ್ಲಿ ಮಾತ್ರ ಐಸ್ ಕಟ್ಟಿತು, ಉಳಿದ ಕಡೆ ಬರೀ ನೀರು. ಗ್ಯಾಸ್ ಕಮ್ಮಿ ಇದೆ ಅನ್ನೋಕೆ ಅದು ಗುರುತು. ಗೇಜ್ ಕೂಡ ಅದನ್ನೇ ಹೇಳ್ತು. ನೈಟ್ರೋಜನ್ ಒತ್ತಡ ಕೊಟ್ಟು ಸೋಪಿನ ನೊರೆ ಬಳಿದರು. ತಾಮ್ರದ ಪೈಪು ನಡುಗಿ ನಡುಗಿ ಬಾಡಿಗೆ ಉಜ್ಜಿ ಸವೆದ ಜಾಗದಲ್ಲಿ ಗುಳ್ಳೆ ಎದ್ದಿತು. ಸುತ್ತ ಎಣ್ಣೆ ಜಿಡ್ಡಿಗೆ ಧೂಳು ಮೆತ್ತಿಕೊಂಡಿತ್ತು. ಎರಡು ವರ್ಷದಿಂದ ಕಣ್ಣೆದುರಿಗೇ ಇದ್ದ ಸುಳಿವು!

ಬೆಸುಗೆ ಹಾಕಿ, ಒತ್ತಡ ನಿಲ್ಲುತ್ತಾ ಅಂತ ಮತ್ತೆ ನೋಡಿ, ವ್ಯಾಕ್ಯೂಮ್ ಪಂಪ್ ಹಚ್ಚಿ ಗಾಳಿ, ತೇವ ಎಲ್ಲ ಎಳೆದು, ಕೊನೆಗೆ ಸಿಲಿಂಡರನ್ನ ತಕ್ಕಡಿ ಮೇಲಿಟ್ಟು ಮಷೀನಿನ ಪಟ್ಟಿಯಲ್ಲಿ ಬರೆದಷ್ಟೇ ಗ್ರಾಂ ಗ್ಯಾಸ್ ಬಿಟ್ಟರು. ಒಂದು ಕೊರತೆ ಹೇಳಲೇಬೇಕು. ಒಳಗೆ ಉಳಿದಿದ್ದ ಹಳೇ ಗ್ಯಾಸನ್ನ ವಾಪಸ್ ಎಳೆಯೋ ಯಂತ್ರ ಅವರ ಹತ್ತಿರ ಇರಲಿಲ್ಲ, ಅದು ಗಾಳಿಗೇ ಹೋಯ್ತು. ಒಂಟಿಯಾಗಿ ಬೈಕಲ್ಲಿ ಓಡಾಡೋ ಮೆಕ್ಯಾನಿಕ್ ಅಷ್ಟು ಬಂಡವಾಳ ಹಾಕಲಿ ಅನ್ನೋದು ನ್ಯಾಯಾನಾ? ಒಪ್ಪಂದಕ್ಕೆ ಸಹಿ ಹಾಕೋದು ರಾಜಧಾನಿಗಳಲ್ಲಿ, ಪಾಲಿಸಬೇಕಾಗಿರೋದು ಇವರು.

ಆ ದಿನ ಅಂಗಡಿ ನಡೆದಿದ್ದು ಹೊರಗಿಂದ ತರಿಸಿದ ಐಸ್ ಗಡ್ಡೆಯಲ್ಲಿ. ಗೋಣಿಚೀಲ ಸುತ್ತಿ, ತೆಂಗಿನ ನಾರಿನ ಪುಡಿಯಲ್ಲಿ ಹುದುಗಿಸಿಟ್ಟಿದ್ರು. ಟ್ಯೂಡರ್ ನೋಡಿದ್ದರೆ ಮರದ ಹೊಟ್ಟು ಬಿಟ್ಟು ತಿಪಟೂರಿಗೆ ಆರ್ಡರ್ ಹಾಕ್ತಿದ್ದ.

ಕೊನೇದಾಗಿ ಒಂದು ಎಚ್ಚರಿಕೆ. ಹೊಸ ಮಷೀನ್‌ಗಳಲ್ಲಿ ಆರ್-290 ಬರ್ತಿದೆ. ಅದು ಶುದ್ಧ ಪ್ರೊಪೇನ್. ಭೂಮಿಗೆ ಒಳ್ಳೇದು, ಆದರೆ ಬೆಂಕಿ ಹತ್ತುತ್ತೆ. ಪಟ್ಟಿಯಲ್ಲಿ ಜ್ವಾಲೆಯ ಗುರುತು ಇದ್ದರೆ, ಅದಕ್ಕೇ ತರಬೇತಿ ಪಡೆದವರನ್ನೇ ಕರೆಸಿ. ಇನ್ನು ಹಳೇ ಮಷೀನಿಗೆ ಅಡುಗೆ ಗ್ಯಾಸ್ ತುಂಬಿಸಿ ಕಾಸು ಉಳಿಸ್ತೀನಿ ಅನ್ನೋರು ಸಿಕ್ಕರೆ ಬೇಡ ಅನ್ನಿ. ಬೆಂಕಿ ಹತ್ತದ ಗ್ಯಾಸಿಗೆ ಅಂತ ಮಾಡಿದ ಮಷೀನಿನ ಸ್ವಿಚ್ಚುಗಳಲ್ಲಿ ಕಿಡಿ ಹಾರುತ್ತೆ.

ನಿಮ್ಮೂರಲ್ಲಿ ಹಳೇ ಐಸ್ ಕ್ಯಾಂಡಿ ಫ್ಯಾಕ್ಟರಿ ಇತ್ತಾ? ಅಲ್ಲಿ ಕೆಲಸ ಮಾಡಿದವರು ಮನೇಲಿದ್ರೆ ಅವರ ಹತ್ತಿರ ಒಂದು ವಾಯ್ಸ್ ನೋಟ್ ಮಾಡಿಸಿ ಕಳಿಸಿ.