ಗಂಡಸರ ಸಂತಾನ ಸಮಸ್ಯೆ: ಯಾವ ಪರೀಕ್ಷೆ, ಯಾವ ಚಿಕಿತ್ಸೆ?

ಮದುವೆಯಾಗಿ ವರ್ಷ ದಾಟಿದರೆ ಸಾಕು, 'ವಿಶೇಷ ಏನಾದ್ರೂ ಉಂಟಾ?' ಎಂಬ ಪ್ರಶ್ನೆ ನಮ್ಮಲ್ಲಿ ಹೆಣ್ಣಿಗೇ ಬರುವುದು. ಆಸ್ಪತ್ರೆಗೂ ಮೊದಲು ಅವಳನ್ನೇ ಕರೆದುಕೊಂಡು ಹೋಗ್ತಾರೆ. ಆದರೆ ಮಕ್ಕಳಾಗದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಪ್ರಕರಣಗಳಲ್ಲಿ ಗಂಡಿನ ಕಡೆಯ ಕಾರಣವೂ ಇರುತ್ತದೆ. ಗಂಡನ ಮೊದಲ ಪರೀಕ್ಷೆಗೆ ಸೂಜಿಯೂ ಬೇಡ. ಒಂದು ವರ್ಷ ಒಟ್ಟಿಗಿದ್ದೂ ಗರ್ಭ ನಿಲ್ಲದಿದ್ದರೆ, ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳಲ್ಲೇ, ಇಬ್ಬರೂ ತೋರಿಸಿಕೊಳ್ಳಬೇಕು.

ವೀರ್ಯ ಪರೀಕ್ಷೆ

2ರಿಂದ 7 ದಿನ ಸಂಪರ್ಕವಿಲ್ಲದೆ ಸ್ಯಾಂಪಲ್ ಕೊಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ 2021ರ ಕೈಪಿಡಿ ಪ್ರಕಾರ ಕೆಳಗಿನ ಮಿತಿ ಹೀಗಿದೆ: ಪ್ರಮಾಣ 1.4 ಮಿಲಿ, ಒಂದು ಮಿಲಿಯಲ್ಲಿ 1.6 ಕೋಟಿ ವೀರ್ಯಾಣು, ಚಲನೆ ಶೇ. 42, ಸರಿಯಾದ ಆಕಾರ ಶೇ. 4. ಇದು ಪಾಸು-ಫೇಲಿನ ಲೆಕ್ಕವಲ್ಲ. ಇದಕ್ಕಿಂತ ಕಡಿಮೆಯಿದ್ದೂ ಮಕ್ಕಳಾದವರಿದ್ದಾರೆ. ವೀರ್ಯಾಣು ತಯಾರಾಗಲು ಎರಡೂವರೆ-ಮೂರು ತಿಂಗಳು ಬೇಕು. ಎರಡು ತಿಂಗಳ ಹಿಂದಿನ ಜೋರು ಜ್ವರವೂ ರಿಪೋರ್ಟಿನಲ್ಲಿ ಕಾಣಬಹುದು. ಆದ್ದರಿಂದ ಒಂದೇ ರಿಪೋರ್ಟ್ ನೋಡಿ ಎದೆಗುಂದಬೇಡಿ, ಇನ್ನೊಮ್ಮೆ ಮಾಡಿಸಿ.

ಚಿಕಿತ್ಸೆಗಳು

ವೆರಿಕೋಸಿಲ್: ವೃಷಣದ ಮೇಲಿನ ರಕ್ತನಾಳ ಉಬ್ಬುವುದು. ಕೈಗೆ ಸಿಗುವಷ್ಟು ಉಬ್ಬಿದ್ದು, ರಿಪೋರ್ಟೂ ಸರಿಯಿಲ್ಲದಿದ್ದರೆ ಸಣ್ಣ ಆಪರೇಶನ್‌ನಿಂದ ಹಲವರಿಗೆ ಸುಧಾರಣೆ ಆಗುತ್ತದೆ.

ಹಾರ್ಮೋನ್ ಕೊರತೆ: ಮೆದುಳಿನಿಂದ ಬರಬೇಕಾದ ಹಾರ್ಮೋನ್ ಕಡಿಮೆಯಿದ್ದರೆ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್‌ಗಳಿವೆ. ತಿಂಗಳುಗಟ್ಟಲೆ ತೆಗೆದುಕೊಳ್ಳಬೇಕಾಗುತ್ತದೆ.

ವೀರ್ಯಾಣು ಸೊನ್ನೆ ಇದ್ದರೆ: ದಾರಿ ಕಟ್ಟಿದೆಯೋ, ಉತ್ಪಾದನೆಯೇ ಇಲ್ಲವೋ ಎಂದು ಮೊದಲು ನೋಡುತ್ತಾರೆ. ದಾರಿ ಕಟ್ಟಿದ್ದರೆ ಸೂಜಿಯಿಂದ ತೆಗೆಯಬಹುದು. ಉತ್ಪಾದನೆ ಕಡಿಮೆಯಿರುವವರಲ್ಲೂ ಮೈಕ್ರೋ ಟೀಸೆ ಆಪರೇಶನ್‌ನಲ್ಲಿ ಕೆಲವೊಮ್ಮೆ ಸಿಗುತ್ತದೆ.

ಐಯುಐ, ಇಕ್ಸಿ: ಸ್ವಲ್ಪ ಕೊರತೆಯಿದ್ದರೆ ವೀರ್ಯವನ್ನು ಶುದ್ಧಗೊಳಿಸಿ ಗರ್ಭಕೋಶಕ್ಕೆ ಬಿಡುವುದು ಐಯುಐ. ತೀರಾ ಕಡಿಮೆಯಿದ್ದರೆ ಒಂದು ಅಂಡಕ್ಕೆ ಒಂದೇ ವೀರ್ಯಾಣು ಚುಚ್ಚುವ ಇಕ್ಸಿ ಮಾಡ್ತಾರೆ. 2021ರ ಕಾಯ್ದೆ ಪ್ರಕಾರ ಇಂಥ ಕ್ಲಿನಿಕ್‌ಗೆ ನೋಂದಣಿ ಇರಲೇಬೇಕು, ಲಿಖಿತ ಒಪ್ಪಿಗೆಯೂ ಕಡ್ಡಾಯ.

ಎಚ್ಚರಿಕೆ

ಜಿಮ್‌ನಲ್ಲಿ ಸಿಗುವ ಟೆಸ್ಟೋಸ್ಟೆರಾನ್ ಇಂಜೆಕ್ಷನ್ 'ಗಂಡಸುತನ' ಹೆಚ್ಚಿಸುತ್ತದೆ ಅಂತ ಹೇಳ್ತಾರೆ. ನಿಜಕ್ಕೆ ಅದು ವೀರ್ಯಾಣು ಉತ್ಪಾದನೆಯನ್ನೇ ನಿಲ್ಲಿಸಬಹುದು. ಜಾಹೀರಾತು ನೋಡಿ ಸಾವಿರಾರು ರೂಪಾಯಿಯ ಪುಡಿ, ಲೇಹ್ಯ ತರಿಸಿ ಕಾಯುತ್ತಾ ಕೂತರೆ ದುಡ್ಡಿಗಿಂತ ದೊಡ್ಡ ನಷ್ಟ ಸಮಯದ್ದು. ಹೆಂಡತಿಯ ವಯಸ್ಸು ಕಾಯುವುದಿಲ್ಲ. ಬೀಡಿ-ಸಿಗರೇಟು ಬಿಡಿ, ತೂಕ ಇಳಿಸಿ, ಸಕ್ಕರೆ ಕಾಯಿಲೆ ಹತೋಟಿಯಲ್ಲಿಡಿ. ಬೇಕರಿ ಒಲೆಯಂಥ ಬಿಸಿಯಲ್ಲಿ ದುಡಿಯುವವರು ಅದನ್ನು ಡಾಕ್ಟರಿಗೆ ಹೇಳಿ.

ಗಲ್ಫ್‌ನಲ್ಲಿರುವವರಿಗೆ

ಒಂದು ತಿಂಗಳ ರಜೆಯಲ್ಲಿ ಮದ್ದಿನ ಫಲ ಕಾಣುವುದಿಲ್ಲ. ವೀರ್ಯ ಪರೀಕ್ಷೆಯನ್ನು ಅಲ್ಲೇ ಮುಗಿಸಿ, ರಿಪೋರ್ಟ್ ಹಿಡಿದುಕೊಂಡೇ ಊರಿಗೆ ಬನ್ನಿ. ಬಂದ ವಾರವೇ ಇಬ್ಬರೂ ಡಾಕ್ಟರನ್ನು ಕಾಣಿ. ಐಯುಐ, ಇಕ್ಸಿ ಬೇಕಾಗಬಹುದು ಎಂದರೆ, ಹಿಂದಿರುಗುವ ಮೊದಲು ವೀರ್ಯವನ್ನು ಫ್ರೀಜ್ ಮಾಡಿಡುವ ಬಗ್ಗೆ ಕೇಳಿ. ಕ್ಯಾನ್ಸರ್ ಚಿಕಿತ್ಸೆ ಶುರುವಾಗುವ ಯುವಕರೂ ಇದನ್ನು ಮೊದಲೇ ಕೇಳಬೇಕು.

ಗಂಡಸರ ಈ ಸಮಸ್ಯೆಗೆ ತೋರಿಸಬೇಕಾದ್ದು ಯುರಾಲಜಿಸ್ಟ್ ಅಥವಾ ಆಂಡ್ರಾಲಜಿಸ್ಟ್‌ಗೆ. ನಾಚಿಕೆಪಡುವ ವಿಷಯ ಇದಲ್ಲ.