ಪಟ್ಟಿಯ ಮೊದಲ ಸಾಲು ಯಾರದು?

ತೀರ್ಥಹಳ್ಳಿಗೆ ಇಂದಿಗೂ ರೈಲು ಬಂದಿಲ್ಲ. ಹೊಸನಗರ ತಾಲ್ಲೂಕಿಗೆ ಅರಸಾಳು ನಿಲ್ದಾಣವುಂಟು. ಆದರೆ ಅದು ಪೇಟೆಯಿಂದ ದೂರ. ಸಾಗರ ಮಾತ್ರ ಶಿವಮೊಗ್ಗ–ತಾಳಗುಪ್ಪ ರೈಲು ಹಾದಿಯ ಮೇಲಿದೆ. ಹೀಗಾಗಿ ಈ ಸೀಮೆಯವರು ತಲೆಮಾರುಗಳಿಂದ ನೆಚ್ಚಿಕೊಂಡಿದ್ದು ಬಸ್ಸನ್ನೇ. ಕೊಪ್ಪದಲ್ಲಿ ಕಾರ್ಮಿಕರೇ ಒಡೆಯರಾಗಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ 2020ರಲ್ಲಿ ನಿಂತುಹೋದಾಗ ಮಲೆನಾಡಿನ ಎಷ್ಟೋ ಮಂದಿ ಮರುಗಿದ್ದು ಸುಮ್ಮನೆ ಅಲ್ಲ.

ಬೆಂಗಳೂರಿನ ರಾತ್ರಿ ಬಸ್ಸಿನ ವಿಷಯ ಸ್ವಲ್ಪ ಬೇರೆ. ಕಂಪ್ಯೂಟರ್ ಬರುವ ಮುನ್ನ ಖಾಸಗಿ ಬಸ್ಸಿನ ಸೀಟುಗಳ ಲೆಕ್ಕ ಇರುತ್ತಿದ್ದುದು ಏಜೆಂಟರ ಪುಸ್ತಕದಲ್ಲಿ. ಒಂದೇ ಬಸ್ಸಿನ ಸೀಟುಗಳು ನಾಲ್ಕಾರು ಏಜೆಂಟರ ನಡುವೆ ಹಂಚಿಹೋಗಿರುತ್ತಿದ್ದವು. 'ಸೀಟಿಲ್ಲ' ಎಂದರೆ ಬಸ್ಸು ತುಂಬಿದೆ ಎಂದೇನಲ್ಲ, ತನ್ನ ಪಾಲಿನದು ಮುಗಿದಿದೆ ಎಂದರ್ಥ. ಎರಡು ಕಂಪನಿಯ ಬಸ್ಸಿದ್ದರೆ, ಹೆಚ್ಚು ಕಮಿಷನ್ ಕೊಡುವವರ ಹೆಸರು ಮೊದಲು ಬಾಯಿಗೆ ಬರುವುದೂ ಸಹಜವೇ. ಇದನ್ನು ಸಣ್ಣ ಪೇಟೆಯ ಸಣ್ಣತನವೆಂದು ಮೂಗು ಮುರಿಯಬೇಕಿಲ್ಲ. ಅಮೆರಿಕದ ವಿಮಾನ ಕಂಪನಿಗಳು ಇದೇ ಕೆಲಸವನ್ನು ಕಂಪ್ಯೂಟರಿನಿಂದ ಮಾಡಿಸಿದವು.

ಅಮೆರಿಕನ್ ಏರ್‌ಲೈನ್ಸ್ ಐಬಿಎಂ ಜತೆಗೂಡಿ 1960ರ ದಶಕದಲ್ಲಿ 'ಸೇಬರ್' ಎಂಬ ಟಿಕೆಟ್ ಕಾಯ್ದಿರಿಸುವ ವ್ಯವಸ್ಥೆ ರೂಪಿಸಿತು. 1976ರಿಂದ ಅದರ ಯಂತ್ರಗಳು ಟ್ರಾವೆಲ್ ಏಜೆಂಟರ ಮೇಜುಗಳಿಗೂ ಬಂದವು. ಅದರಲ್ಲಿ ಬೇರೆ ಕಂಪನಿಗಳ ವಿಮಾನಗಳೂ ಕಾಣುತ್ತಿದ್ದವು ನಿಜ. ಆದರೆ ಒಡೆಯನ ವಿಮಾನ ಮೇಲೆ, ಪ್ರತಿಸ್ಪರ್ಧಿಯದು ಕೆಳಗೆ. ಅವಸರದಲ್ಲಿರುವ ಏಜೆಂಟ್ ಸಾಮಾನ್ಯವಾಗಿ ಮೊದಲ ಪರದೆ ದಾಟಿ ಮುಂದೆ ಹೋಗುತ್ತಿರಲಿಲ್ಲ. ಯಾರನ್ನೂ ಹೊರಗಿಡಬೇಕಾಗಿಯೇ ಇಲ್ಲ, ಎರಡನೇ ಪುಟಕ್ಕೆ ತಳ್ಳಿದರೆ ಸಾಕು! ದೂರುಗಳು ಹೆಚ್ಚಿದ ಮೇಲೆ, 1984ರಲ್ಲಿ ಅಲ್ಲಿನ ನಾಗರಿಕ ವಿಮಾನಯಾನ ಮಂಡಳಿ ಇಂಥ ಪಕ್ಷಪಾತವನ್ನು ನಿಷೇಧಿಸಿತು.

ನಮ್ಮಲ್ಲಿ ಏಜೆಂಟರ ಪುಸ್ತಕಕ್ಕೆ ಪೆಟ್ಟು ಬಿದ್ದದ್ದು ಬೆಂಗಳೂರಿನಿಂದ. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಅಲೆದ ಫಣೀಂದ್ರ ಸಾಮ ಎಂಬ ತರುಣ ಎಂಜಿನಿಯರ್, ಇಬ್ಬರು ಗೆಳೆಯರೊಡನೆ 2006ರಲ್ಲಿ ರೆಡ್‌ಬಸ್ ಆರಂಭಿಸಿದರು. ಯಾವ ಬಸ್ಸಿನಲ್ಲಿ ಯಾವ ಸೀಟು ಖಾಲಿ ಎಂಬುದು ಮೊದಲ ಬಾರಿಗೆ ಪ್ರಯಾಣಿಕನ ಕಣ್ಣಿಗೇ ಬಿತ್ತು. ಆ ಸಂಸ್ಥೆ 2013ರಲ್ಲಿ ಐಬಿಬೊ ಪಾಲಾಯಿತು. ಐಬಿಬೊ 2017ರಲ್ಲಿ ಮೇಕ್‌ಮೈಟ್ರಿಪ್‌ನೊಳಗೆ ಸೇರಿತು. ವಿಮಾನ, ಹೋಟೆಲು, ಬಸ್ಸು ಎಲ್ಲವೂ ಒಂದೇ ಮನೆಯ ಮಾರಾಟದ ಸರಕಾದವು.

ಹಳೆಯ ಪ್ರಶ್ನೆ ಅಲ್ಲಿಗೂ ಹಿಂಬಾಲಿಸಿತು. ಪ್ರತಿಸ್ಪರ್ಧಿ ಹೋಟೆಲ್ ಸರಣಿಗಳನ್ನು ಪಟ್ಟಿಯಿಂದ ಕೈಬಿಟ್ಟು ಓಯೋಗೆ ಅನುಕೂಲ ಮಾಡಿಕೊಟ್ಟ ಆರೋಪದ ಪ್ರಕರಣದಲ್ಲಿ ಭಾರತೀಯ ಸ್ಪರ್ಧಾ ಆಯೋಗ 2022ರ ಅಕ್ಟೋಬರಿನಲ್ಲಿ ಮೇಕ್‌ಮೈಟ್ರಿಪ್–ಗೋಐಬಿಬೊಗೆ ಸುಮಾರು 223 ಕೋಟಿ ರೂಪಾಯಿ, ಓಯೋಗೆ ಸುಮಾರು 169 ಕೋಟಿ ರೂಪಾಯಿ ದಂಡ ವಿಧಿಸಿತು. ಅದಕ್ಕೂ ಮೊದಲು, ವಿಮಾನ ದರ ಹುಡುಕುವ ತಂತ್ರಾಂಶ ತಯಾರಿಸುತ್ತಿದ್ದ ಐಟಿಎ ಸಂಸ್ಥೆಯನ್ನು ಗೂಗಲ್ ಕೊಂಡಾಗ, ಆ ತಂತ್ರಾಂಶವನ್ನು ಪ್ರತಿಸ್ಪರ್ಧಿಗಳಿಗೂ 5 ವರ್ಷ ಒದಗಿಸಬೇಕೆಂಬ ಷರತ್ತಿನೊಡನೆ 2011ರಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿತ್ತು. ಷರತ್ತಿನ ಅವಧಿ ಮುಗಿಯಿತು, ಗೂಗಲ್ಲಿನ ವಿಮಾನ ಪಟ್ಟಿ ಉಳಿಯಿತು.

ಶಿವಮೊಗ್ಗದ ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆಯಾದದ್ದು 2023ರ ಫೆಬ್ರುವರಿ 27ರಂದು. ಬೆಂಗಳೂರಿನ ವಿಮಾನ ಬಂದದ್ದು ಅದೇ ಆಗಸ್ಟ್ 31ರಂದು. ಈಗ ಸಾಗರದ ಅಡಿಕೆ ವ್ಯಾಪಾರಿಯೂ ಮೊಬೈಲಿನಲ್ಲಿ ದರ ಹೋಲಿಸಬಹುದು. ಆದರೆ ಮುಂಗಡ ಟಿಕೆಟ್ಟಿಲ್ಲದೆ ಓಡುವ ಹಳ್ಳಿಯ ಬಸ್ಸು ಈ ಟಿಕೆಟ್ ಪಟ್ಟಿಗಳಲ್ಲಿ ಮೇಲೂ ಇಲ್ಲ, ಕೆಳಗೂ ಇಲ್ಲ. ಅದರ ಹೊತ್ತು ಬೇಕೆಂದರೆ ಹೊಸನಗರ ಬಸ್ ನಿಲ್ದಾಣದ ಹತ್ತಿರದ ಅಂಗಡಿಯವರನ್ನೇ ಕೇಳಬೇಕು.